ಮಾಲಕರು ದೇವದುರ್ಗದಲ್ಲಿರುತ್ತಾರೆ

ರಾಯಚೂರಿನಲ್ಲಿ ನಮ್ಮಪ್ಪ ಹಂಪಯ್ಯ ಗೋಡೆ ಎಬ್ಬಿಸದ ಓಣಿ ಹುಡುಕುವುದು ಕಷ್ಟ. ಇದು ಮಗಳ ಬಡಾಯಿ ಎಂದು ಯಾರಿಗಾದರೂ ಅನ್ನಿಸಿದರೆ ಅನ್ನಿಸಲಿ. ಬಡಾಯಿ ಕೊಚ್ಚಿಕೊಳ್ಳಲಿಕ್ಕೆಂದೇ ಇದನ್ನು ಬರೆಯುತ್ತಿದ್ದೇನೆ. ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಿಂದ ಅರವತ್ತೊಂದರಲ್ಲಿ ಬಸ್ಸು ಹತ್ತಿ ಬಂದಾಗ ಅವನ ಹತ್ತಿರ ಗಾರೆ ಮೆತ್ತುವ ಒಂದು ಕರಣಿ ಬಿಟ್ಟರೆ ಬೇರೇನೂ ಇರಲಿಲ್ಲ. ಗೌಂಡಿ ಕೆಲಸ ಅವನಿಗೆ ಸೋದರಮಾವನಿಂದ ಬಂದದ್ದು. ಮೊದಲು ಗಂಜ್ ಮಾರುಕಟ್ಟೆಯ ಅಡತಿ ಅಂಗಡಿಗಳ ಗೋಡೆಗಳಿಗೆ ಗಿಲಾವು ಮಾಡಿದ, ಆಮೇಲೆ ಮನೆಗಳನ್ನೇ ಕಟ್ಟತೊಡಗಿದ.

ಗೌಂಡಿಗಳಿಗೆ ಆಗ ಒಂದು ಕಟ್ಟಳೆ ಇತ್ತು. ಎಲ್ಲ ಗೌಂಡಿಗಳಿಗೂ ಇದ್ದದ್ದಲ್ಲ, ನಮ್ಮ ಕೇರಿಯವರಿಗೆ ಇದ್ದದ್ದು. ಮನೆ ಏಳುವವರೆಗೆ ಅಡುಗೆಮನೆಯ ಕಟ್ಟೆ, ದೇವರ ಮಾಡು, ಎಲ್ಲವೂ ಅಪ್ಪನ ಕೈಯಲ್ಲೇ ಆಗಬೇಕು. ವಾಸ್ತುಶಾಂತಿಯ ದಿನ ಅವನಿಗೆ ಧೋತರ, ಟವೆಲ್ಲು, ಅಂಗಳದಲ್ಲಿ ಒಂದು ಎಲೆ ಊಟ. ಮರುದಿನದಿಂದ ಅದೇ ಮನೆಯಲ್ಲಿ ಅವನ ಗಡಿ ಅಂಗಳಕ್ಕೆ ಮುಗಿಯುತ್ತಿತ್ತು. ತಾನು ಕೂಡಿಸಿದ ಹೊಸ್ತಿಲನ್ನು ಮತ್ತೆ ದಾಟುವ ಹಾಗಿರಲಿಲ್ಲ. ಇದನ್ನು ಹೇಳುವಾಗ ಅಪ್ಪನ ಮುಖದಲ್ಲಿ ಸಿಟ್ಟು ಕಂಡವರಿಲ್ಲ. "ಕಟ್ಟಾದು ನಮ್ ಕೆಲಸ, ಇರಾದು ಅವರ ಕೆಲಸ" ಎಂದು ಬೀಡಿ ಹಚ್ಚುತ್ತಿದ್ದ. ಸಿಟ್ಟು ನನಗೆ ಬರುತ್ತಿತ್ತು. ಅದು ಅವ್ವನ ಕಡೆಯಿಂದ ಬಂದ ಆಸ್ತಿ.

ಅವ್ವ ಮಾನಮ್ಮ ಮಾನ್ವಿ ತಾಲ್ಲೂಕಿನ ಕುರ್ಡಿಯವಳು. ಸರಕಾರಿ ದವಾಖಾನೆಯ ಹೆರಿಗೆ ವಾರ್ಡಿನಲ್ಲಿ ಆಯಾ. ಅಳುವ ಬಸುರಿಯರನ್ನು ಗದರಿಸಿ, ಅದೇ ಉಸಿರಿನಲ್ಲಿ ಬೆನ್ನು ಸವರಿ ಹೆರಿಗೆ ಮಾಡಿಸುತ್ತಿದ್ದವಳು. ಅವಳ ಕಾಯಂ ನೌಕರಿಯ ಮೇಲೆ ಸಾಲ ಸಿಕ್ಕಿತು, ಆಶಾಪುರ ರಸ್ತೆಯ ಕಡೆ ಒಂದು ಜಾಗ ಸಿಕ್ಕಿತು. ಊರಿನವರ ಕೆಲಸ ಇಲ್ಲದ ದಿನ ಅಪ್ಪ ನಮ್ಮ ಮನೆ ಕಟ್ಟುತ್ತಿದ್ದ, ಅವ್ವ ಡ್ಯೂಟಿ ಇಲ್ಲದ ಹೊತ್ತಿನಲ್ಲಿ ಕಲ್ಲು ಹೊರುತ್ತಿದ್ದಳು. ಎಂಬತ್ತಮೂರರಲ್ಲಿ ಮನೆ ಮುಗಿಯಿತು. ಮುಂದಿನ ಭಾಗ ಬಾಡಿಗೆಗೆ: ಪಡಸಾಲೆ, ಒಂದು ಕೋಣೆ, ಅಡುಗೆಮನೆ, ರಸ್ತೆಗೆ ಮುಖ ಮಾಡಿದ ಫರಸಿ ಕಲ್ಲಿನ ಕಟ್ಟೆ. ಹಿಂದೆ ನಮಗೊಂದು ಕೋಣೆ, ತಗಡಿನ ಕೆಳಗೆ ಒಲೆ. ಬಾಡಿಗೆಯಿಂದ ಸಾಲ ತೀರಲಿ, ಆಮೇಲೆ ನಾವೇ ಮುಂದೆ ಬರೋಣ ಎಂಬುದು ಅವ್ವನ ಲೆಕ್ಕಾಚಾರ.

ಆಗ ಶಕ್ತಿನಗರದಲ್ಲಿ ಕರೆಂಟಿನ ಸ್ಥಾವರ ಏಳುತ್ತಿತ್ತು. ಎಲ್ಲೆಲ್ಲಿಂದಲೋ ನೌಕರರು ರಾಯಚೂರಿಗೆ ಬಂದು ಮನೆ ಮನೆ ಎಂದು ಅಲೆಯುತ್ತಿದ್ದರು. ಮನೆ ಇದ್ದವರಿಗೂ ಇಲ್ಲದವರಿಗೂ ನಡುವೆ ಇದ್ದವನು ವಿರೂಪಣ್ಣ. ತೀನ್ ಕಂದೀಲ್ ಸರ್ಕಲ್ಲಿನ ಹತ್ತಿರ ಅವನ ಬಾಡಿಗೆ ಮನೆಗಳ ಏಜೆನ್ಸಿ. ಒಂದು ಮೇಜು, ಎರಡು ಕುರ್ಚಿ, ಗೋಡೆಯ ತುಂಬ ಮೊಳೆ, ಮೊಳೆಗೊಂದು ಕೀಲಿ. ಆ ಗೋಡೆಯ ಮುಂದೆ ಕೂತು ಎಲೆಡಿಕೆ ಜಗಿಯುವಾಗ ಅರ್ಧ ರಾಯಚೂರು ತನ್ನದೇ ಎಂಬ ಗತ್ತು ಅವನಿಗೆ ತಾನಾಗಿಯೇ ಬರುತ್ತಿತ್ತು.

ಅವನು ನಮ್ಮ ಮನೆ ನೋಡಲು ಬಂದ. ಗೋಡೆ ಬಡಿದು ನೋಡಿದ, ತಲೆದೂಗಿದ. ಎಲ್ಲರಿಗೂ ಬರ್ರಿ, ಹೋಗ್ರಿ ಎನ್ನುವವನು ಅಪ್ಪನಿಗೆ ಮಾತ್ರ ನೀನು ಎನ್ನುತ್ತಿದ್ದ. "ಚಲೋ ಕಟ್ಟೀದಿ ಹಂಪಯ್ಯ. ಆದ್ರ ಎರಡು ಮಾತು. ಪಡಸಾಲ್ಯಾಗ ಬಾಬಾಸಾಹೇಬರ ಫೋಟೋ ಹಾಕೀದಲ್ಲ, ಅದನ್ನ ಹಿಂದಿನ ಖೋಲಿಗೆ ಒಯ್ಯಿ. ಬಾಡಿಗಿದಾರರು ತಮ್ ದೇವರ ಫೋಟೋ ಹಾಕ್ಕೋತಾರ. ಮತ್ತ ಮಂದಿ ಮನಿ ನೋಡಾಕ ಬಂದಾಗ ನೀವು ಮುಂದ ನಿಂದ್ರಬ್ಯಾಡ್ರಿ. ಮಾಲಕರು ಕಂಡ್ರ ಮಂದಿ ಚೌಕಾಶಿ ಮಾಡ್ತಾರ."

ಎರಡೂ ಮಾತು ವ್ಯವಹಾರಕ್ಕೆ ಸರಿ ಎನ್ನುವ ಹಾಗೇ ಇದ್ದವು. ಅಪ್ಪ ಒಪ್ಪಿದ. ಅವ್ವನೂ ಹೂಂ ಅಂದಳು.

ವಾರದೊಳಗೆ ಬಾಡಿಗೆಯವರು ಬಂದರು. ಬ್ಯಾಂಕಿನ ಗುಮಾಸ್ತರೊಬ್ಬರು, ಅವರ ಹೊಸ ಹೆಂಡತಿ ವಿಮಲಾಬಾಯಿ. ನಮ್ಮ ಕಡೆ ಬಾಡಿಗೆಗೆ ಮುತ್ತೈದೆ ಬಂದರೆ ಮನೆಯ ಮಾಲಕಿ ಅವಳಿಗೆ ಉಡಿ ತುಂಬುವುದು ಪದ್ಧತಿ. ಸೆರಗೊಡ್ಡಿ ನಿಂತವಳ ಉಡಿಗೆ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಹಾಕಿ, ಈ ಮನೆ ನಿನಗೆ ಬೆಳಕಾಗಲಿ ಎನ್ನಬೇಕು. ಅವ್ವ ಸಂತೆಯಿಂದ ಹಸಿರು ಖಣ ತಂದಿಟ್ಟುಕೊಂಡು ಕಾಯುತ್ತಿದ್ದಳು. ಅವಳು ಸೀರೆ ಬದಲಿಸಿ ಬರುವಷ್ಟರಲ್ಲಿ ವಿರೂಪಣ್ಣನ ಹೆಂಡತಿ ಬಂದು ಉಡಿ ತುಂಬಿ ಆಗಿತ್ತು. "ಆತಲ್ಲವ್ವ, ಎರಡೆರಡು ಸಲ ಯಾಕ" ಎಂದ ವಿರೂಪಣ್ಣ. ಖಣ ಟ್ರಂಕು ಸೇರಿತು.

ಬಾಡಿಗೆ ವಿರೂಪಣ್ಣನ ಕೈಯಿಂದ ತಿಂಗಳಿಗೆ ಸರಿಯಾಗಿ ಬರುತ್ತಿತ್ತು. ಅದರಲ್ಲಿ ಅವನನ್ನು ಅನ್ನಲಿಕ್ಕೆ ಏನೂ ಇಲ್ಲ. ವಿಮಲಾಬಾಯಿಯೂ ನಗುನಗುತ್ತಲೇ ಇದ್ದಳು. ಅಂಗಳ ಗುಡಿಸಿಬಿಡ್ರಿ ಮಾನಮ್ಮ ಎನ್ನುವಳು, ನಳ ಬಂದದ್ದೇ ಹಂಡೆ ತುಂಬಿಡ್ರಿ ಎನ್ನುವಳು. ಅವ್ವನಿಗೆ ಅದರಲ್ಲಿ ತಪ್ಪು ಕಾಣಲಿಲ್ಲ. ತವರು ಬಿಟ್ಟು ಬಂದ ಹುಡುಗಿ, ಊರು ಗೊತ್ತಿಲ್ಲ, ಚಿಕ್ಕಮ್ಮನ ಹತ್ತಿರ ಕೇಳುವ ಹಾಗೆ ಸಲಿಗೆಯಿಂದ ಕೇಳುತ್ತಾಳೆ ಎಂದುಕೊಂಡಳು. ಡ್ಯೂಟಿಯಿಂದ ಬಂದು ದಣಿದಿದ್ದರೂ ಅಂಗಳ ಗುಡಿಸುತ್ತಿದ್ದಳು. ದೀಪಾವಳಿಗೆ ವಿಮಲಾಬಾಯಿ ಒಂದು ಹಳೆಯ ಸೀರೆ ಕೊಟ್ಟಾಗ ಅವ್ವನಿಗೆ ಖುಷಿಯೋ ಖುಷಿ. "ಬಾಡಿಗಿದಾರಳು ಮಾಲಕಿಗೆ ಸೀರಿ ಕೊಡಾದು ನೀವು ಎಲ್ಲ್ಯಾರ ನೋಡೀರೇನು" ಎಂದು ವಾರ್ಡಿನಲ್ಲಿ ನರ್ಸುಗಳಿಗೆಲ್ಲ ತೋರಿಸಿಕೊಂಡು ಬಂದಳು.

ಅಪ್ಪ ಮಾತ್ರ ಬಾಡಿಗೆಯವರು ಬಂದ ದಿನದಿಂದ ಮುಂದಿನ ಕಟ್ಟೆ ಹತ್ತಲಿಲ್ಲ. ಪಕ್ಕದ ಸಂದಿಯಿಂದ ಹಿಂದಕ್ಕೆ ಬರುವನು. ಯಾಕೆ ಯಪ್ಪಾ ಎಂದರೆ, "ರೂಢಿ ಅದ" ಎನ್ನುವನು. ಊರವರ ಮನೆಗಳಲ್ಲಿ ಕಲಿತ ಪಾಠವನ್ನು ಅವನು ತನ್ನ ಮನೆಯಲ್ಲೂ ಪಾಲಿಸುತ್ತಿದ್ದ.

ಮುಂದಿನ ಬೇಸಿಗೆಯಲ್ಲಿ ಒಂದು ಸಂಜೆ ವಿಮಲಾಬಾಯಿ ಅಡುಗೆಮನೆಯ ಕಿಟಕಿಯಿಂದ ಅವ್ವನನ್ನು ಕರೆದಳು. "ಮಾನಮ್ಮ, ನಿಮ್ ಗೌಡರು ಯಾವಾಗ ಬರ್ತಾರ? ಡಬ್ಬಿ ಇಡಾಕ ಒಂದು ಹಲಗಿ ಹಾಕಿಸಬೇಕಾಗಿತ್ತು."

"ಯಾವ ಗೌಡರು?" ಎಂದಳು ಅವ್ವ.

"ಮನಿ ಮಾಲಕರು. ದೇವದುರ್ಗದಾಗ ಇರ್ತಾರಂತಲ್ಲ. ನಿಮ್ಮನ್ನ ಮನಿ ಕಾಯಾಕ ಇಟ್ಟಾರಂತ ವಿರೂಪಣ್ಣೋರು ಹೇಳಿದ್ರು."

ವಿಮಲಾಬಾಯಿ ಕೆಟ್ಟವಳಲ್ಲ. ಅವಳಿಗೆ ಯಾರೋ ಹೇಳಿದ್ದನ್ನು ಅವಳು ನಂಬಿದ್ದಳು, ಅಷ್ಟೆ. ಅವ್ವ ಹಿಂದೆ ಬಂದು ಒಲೆಯ ಮುಂದೆ ಕೂತಳು. ಗುಡಿಸಿದ ಅಂಗಳ, ತುಂಬಿದ ಹಂಡೆ, ಉಟ್ಟು ಮೆರೆದ ಸೀರೆ, ಎಲ್ಲ ಒಂದೊಂದಾಗಿ ಅವಳಿಗೆ ಅರ್ಥವಾಗುತ್ತ ಹೋಗುವುದನ್ನು ನಾನು ಎದುರಿಗೇ ಕೂತು ನೋಡಿದೆ. ನಾನು ಆಗ ಟೀಚರ್ ಟ್ರೈನಿಂಗ್ ಓದುತ್ತಿದ್ದೆ. ಅವ್ವನಿಗೆ ತುಂಬ ಅವಮಾನವಾಗಿತ್ತು.

ಮರುದಿನ ಬೆಳಿಗ್ಗೆ ಡ್ಯೂಟಿ ಸೀರೆಯಲ್ಲೇ ತೀನ್ ಕಂದೀಲಿಗೆ ನಡೆದಳು. ಜೊತೆಗೆ ನಾನೂ ಹೋದೆ.

ವಿರೂಪಣ್ಣನಿಗೆ ನಾಚಿಕೆಯೇ ಆಗಲಿಲ್ಲ. "ನಿಮ್ ಸಲುವಾಗಿನ ಹೇಳೀನವ್ವ. ಖರೇ ಹೇಳಿದ್ರ ಯಾರ್ ಬರ್ತಿದ್ರು? ಮನಿ ಖಾಲಿ ಬಿದ್ದು ಬಾವಲಿ ಸೇರ್ತಿದ್ವು. ಬಾಡಿಗಿ ಮುಟ್ಟ್ಯದಿಲ್ಲ ನಿಮಗ? ಮತ್ತ ಸುಳ್ಳರ ಏನು ಹೇಳೀನಿ, ಹಂಪಯ್ಯಂದು ದೇವದುರ್ಗ ತಾಲ್ಲೂಕ ಹೌದಿಲ್ಲ?"

"ಹೌದ್ರಿ" ಎಂದಳು ಅವ್ವ. "ಆದ್ರ ಆತ ಗೌಡ ಯಾವಾಗ ಆದ? ನಂಗೂ ಒಂದು ಮಾತು ಹೇಳಿದ್ರ ನಾನೂ ಗೌಡಶಾನಿ ಆಗ್ತಿದ್ದೆ."

ಮನೆ ಕೇಳಲು ಬಂದು ನಿಂತಿದ್ದ ಇಬ್ಬರು ನಕ್ಕರು. ವಿರೂಪಣ್ಣ ನಗಲಿಲ್ಲ.

"ಬಾಡಿಗಿ ಮುಟ್ಟ್ಯದ. ಅದಕ್ಕ ನಾ ಇಲ್ಲ ಅನ್ನಂಗಿಲ್ಲ" ಎಂದು ಅವ್ವ ಮುಂದುವರಿಸಿದಳು. "ಆದ್ರ ನನ್ ಮನ್ಯಾಗ ನನ್ನ ಆಳು ಮಾಡಿ ಇಟ್ಟೀರಿ. ಇನ್ ಮ್ಯಾಲ ನಿಮ್ ಏಜೆನ್ಸಿ ನಮಗ ಬ್ಯಾಡ. ಕೀಲಿ ಕೊಡ್ರಿ."

ಅವನು ಗೋಡೆಯ ಕಡೆ ಕೈ ಚಾಚದೆ ಕೂತ. ಅವ್ವ ತಾನೇ ಮುಂದೆ ಹೋಗಿ ಮೊಳೆಯಿಂದ ನಮ್ಮ ಮನೆಯ ಎರಡನೇ ಕೀಲಿ ತೆಗೆದುಕೊಂಡಳು.

ಅವತ್ತು ಸಂಜೆ ಟ್ರಂಕಿನಿಂದ ಹಸಿರು ಖಣ ಹೊರಬಂತು. ಅಕ್ಕಿ, ಕೊಬ್ಬರಿ ಮೊರದಲ್ಲಿ ಇಟ್ಟುಕೊಂಡು ಅವ್ವ ಮುಂದಿನ ಬಾಗಿಲಿನಿಂದ ಹೋದಳು. "ನಾ ಈ ಮನಿ ಮಾಲಕಿ. ನಾವು ಇಂಥ ಕೇರಿಯವರು. ನೀ ಬಂದ ದಿನ ನಾ ತುಂಬಬೇಕಾಗಿದ್ದ ಉಡಿ ಇದು, ತಗೋ ತಂಗಿ" ಎಂದಳು. ವಿಮಲಾಬಾಯಿ ಗಂಡನ ಮುಖ ನೋಡಿದಳು. ಗುಮಾಸ್ತರು ಕ್ಯಾಲೆಂಡರ್ ನೋಡುತ್ತಿದ್ದರು. ಸೆರಗು ಮುಂದೆ ಬರಲಿಲ್ಲ. ಅವ್ವ ಸಾಕಷ್ಟು ಹೊತ್ತು ಕಾದು ಮೊರ ಎತ್ತಿಕೊಂಡು ವಾಪಸು ಬಂದಳು.

ಅವರು ತಿಂಗಳ ಕೊನೆಗೆ ಮನೆ ಬಿಟ್ಟರು. ಜಗಳವಿಲ್ಲ, ಮಾತಿಲ್ಲ. ಹೋಗುವ ಬೆಳಿಗ್ಗೆ ವಿಮಲಾಬಾಯಿ ಅಂಗಳವನ್ನು ತಾನೇ ಗುಡಿಸಿ, ರಂಗೋಲಿ ಹಾಕಿ ಟಾಂಗಾ ಹತ್ತಿದಳು. ಅದು ನನಗೆ ಇವತ್ತಿಗೂ ನೆನಪಿದೆ.

ಅಪ್ಪ ಅವ್ವನ ಮೇಲೆ ರೇಗಿದ. ನಾನು ಕಂಡ ಹಾಗೆ ಅದೇ ಮೊದಲು. "ಬಾಯಿ ಮುಚ್ಚಿಕೊಂಡು ಇದ್ದಿದ್ರ ಏನ್ ಹೋಗ್ತಿತ್ತು ನಿಂದು? ಊರ ತುಂಬ ಗ್ವಾಡಿ ಕಟ್ಟೀನಿ. ಎಲ್ಲಿ ಬರ್ದಾರ ನನ್ ಹೆಸರು? ನಾ ಎಂದಾರ ಕೇಳೀನೇನು?"

"ಅವು ಅವರ ಮನಿ" ಎಂದಳು ಅವ್ವ. "ಇದು ನಿಂದು. ಇಲ್ಲಿ ಕೇಳಲಿಲ್ಲಂದ್ರ ಇನ್ನೆಲ್ಲಿ ಕೇಳ್ತಿ?"

ಮನೆ ಖಾಲಿ ಬಿತ್ತು. ಅವ್ವ ಹೊಸ ಪದ್ಧತಿ ಮಾಡಿದಳು. ಯಾರಾದರೂ ಕೇಳಿಕೊಂಡು ಬಂದರೆ ಗೇಟಿನಲ್ಲೇ ನಿಲ್ಲಿಸಿ, "ಮದ್ಲು ಮನಿ ಯಾರದಂತ ಕೇಳ್ರಿ, ಆಮ್ಯಾಲ ಒಳಗ ಬರ್ರಿ" ಎನ್ನುವಳು. ಹೆಸರು, ಊರು, ಕೇರಿ ಎಲ್ಲ ಹೇಳಿದ ಮೇಲೇ ಬೀಗ ತೆಗೆಯುವುದು. ಕೇಳಿದವರಿಗೆ ಒಮ್ಮೆಲೇ ಏನೇನೋ ಕಾಣಿಸುತ್ತಿತ್ತು. ಒಬ್ಬರಿಗೆ ಒಲೆ ತಪ್ಪು ದಿಕ್ಕಿಗೆ ಕಂಡಿತು. ಒಬ್ಬರಿಗೆ ಬಸ್ ನಿಲ್ದಾಣ ದೂರವಾಯಿತು, ಅವರು ಬಂದದ್ದು ಮೋಟಾರ್ ಸೈಕಲ್ಲಿನ ಮೇಲೆ. ಇನ್ನೊಬ್ಬರು ಗಾಳಿ ಜಾಸ್ತಿ ಎಂದರು. ರಾಯಚೂರಿನ ಮೇ ತಿಂಗಳಲ್ಲಿ ಮನೆಗೆ ಗಾಳಿ ಜಾಸ್ತಿ ಎಂದು ದೂರಿದವರು ಊರಿನ ಇತಿಹಾಸದಲ್ಲಿ ಅವರೊಬ್ಬರೇ ಇರಬೇಕು. ನಾನು ಕುದಿಯುತ್ತಿದ್ದೆ. ಅವ್ವ ಮಾತ್ರ ಪ್ರತಿಯೊಬ್ಬರಿಗೂ ನೀರು ಬೇಕೇನ್ರಿ ಎಂದು ಕೇಳಿಯೇ ಕಳಿಸುವಳು.

ಮುಂದೇನಾಯಿತು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ, ಓದುವವರು ಮನೆಯ ಚಿಂತೆಯಲ್ಲಿ ಉಳಿಯುವುದು ಬೇಡ. ಮಳೆಗಾಲ ಮುಗಿಯುವ ಹೊತ್ತಿಗೆ ಹಸೀನಾ ಬೇಗಂ ಎಂಬ ಉರ್ದು ಶಾಲೆಯ ಟೀಚರ್ ತಮ್ಮ ತಾಯಿಯನ್ನು ಕರೆದುಕೊಂಡು ಬಂದರು. ಗಂಡಸರಿಲ್ಲದ ಸಂಸಾರಕ್ಕೆ ಕೀಲಿ ಕೊಡುವುದಿಲ್ಲ ಎಂದು ವಿರೂಪಣ್ಣ ಅವರನ್ನು ಸಾಗಹಾಕಿದ್ದನಂತೆ. ಅವ್ವ ಗೇಟಿನಲ್ಲಿ ತನ್ನ ಪಾಠ ಒಪ್ಪಿಸಿದಳು. ಅವರು ಕೇಳಿ, "ನಮ್ ಬಗ್ಗೆ ನೀವು ಏನೂ ಕೇಳಂಗಿಲ್ಲೇನ್ರಿ?" ಎಂದು ನಕ್ಕರು. ನಾವೇ ಮುಂದಿನ ಭಾಗಕ್ಕೆ ಬರುವವರೆಗೂ ಅವರು ನಮ್ಮ ಮನೆಯಲ್ಲೇ ಇದ್ದರು. ಆದರೆ ನಾನು ಇಷ್ಟೆಲ್ಲ ಹೇಳಿದ್ದು ಅದಕ್ಕಿಂತ ಸ್ವಲ್ಪ ಮುಂಚಿನ ಒಂದು ಮಧ್ಯಾಹ್ನದ ಸಲುವಾಗಿ.

ಸಾಲದ ಕಂತು ಅವ್ವನ ಪಗಾರದಲ್ಲೇ ಮುರಿದು ಹೋಗುತ್ತಿತ್ತು. ಅಪ್ಪ ಶಕ್ತಿನಗರದ ಕಾಲೋನಿ ಕಟ್ಟುವ ಕೆಲಸಕ್ಕೆ ಹೋಗಿ ಸೊರಗಿದ್ದ. ಖಾಲಿ ಮನೆ ಅವನಿಗೆ ನೋಡಲಾಗುತ್ತಿರಲಿಲ್ಲ. ಒಂದು ದಿನ ಅವ್ವನಿಗೆ ಗೊತ್ತಿಲ್ಲದ ಹಾಗೆ ಹೋಗಿ ವಿರೂಪಣ್ಣನ ಕೈಗೆ ಮತ್ತೆ ಕೀಲಿ ಕೊಟ್ಟುಬಂದ. ಆಕಿ ಡ್ಯೂಟಿಗೆ ಹೋದಾಗ ಬಾಡಿಗೆಯವರನ್ನು ಕರಕೊಂಡು ಬರ್ರಿ ಎಂದೂ ಹೇಳಿದ್ದನಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ರಜೆಗೆ ನಾನು ಮನೆಯಲ್ಲಿದ್ದೆ. ಊಟದ ಹೊತ್ತು ದಾಟಿದ ಮೇಲೆ ಗೇಟಿನ ಮುಂದೆ ಜೀಪು ನಿಂತಿತು. ವಿರೂಪಣ್ಣ ಇಳಿದ. ಹಿಂದೆಯೇ ಸ್ಥಾವರದ ಎಂಜಿನಿಯರ್ ಸಾಹೇಬರು, ಅವರ ವಯಸ್ಸಾದ ತಾಯಿ. ಅಪ್ಪ ಅಂಗಳದ ಮೂಲೆಯಲ್ಲಿ ತೊಟ್ಟಿಗೆ ಸಿಮೆಂಟು ಮೆತ್ತುತ್ತಿದ್ದ. ಎದ್ದು, ಕೈ ಕಟ್ಟಿಕೊಂಡು ಗೋಡೆಯ ಪಕ್ಕಕ್ಕೆ ಸರಿದು ನಿಂತ. ನಾನು ಹಿಂದಿನ ಸಂದಿಯಲ್ಲಿ ನಿಂತು ನೋಡುತ್ತಿದ್ದೆ. ನನಗೆ ಅವ್ವನನ್ನು ಕರೆತರಬೇಕೆನಿಸಿತು, ಆದರೆ ದವಾಖಾನೆ ದೂರ.

ಅವರಿಗೆ ಮನೆ ಹಿಡಿಸಿತು. ಎಂಜಿನಿಯರು ಗೋಡೆಯ ಮೂಲೆಗಳನ್ನು ನೋಡಿ, ಬಾಗಿಲು ತೆಗೆದು ಹಾಕಿ, ಒಳ್ಳೆಯ ಕೆಲಸ ಎಂದರು. ಮುದುಕಿ ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಫರಸಿ ಕಲ್ಲಿನ ಮೇಲೆ ಕೈಯಾಡಿಸಿದರು. "ಎಷ್ಟು ನುಣ್ಣಗಿದೆ. ಯಾರು ಕಟ್ಟಿಸಿದ್ದು ಇದನ್ನ?"

"ದೇವದುರ್ಗದ ಗೌಡರ್ರಿ ಯವ್ವಾ. ಮಾಲಕರು ಅಲ್ಲೇ ಇರ್ತಾರ" ಎಂದ ವಿರೂಪಣ್ಣ.

ಅಪ್ಪ ನೆಲ ನೋಡುತ್ತಿದ್ದ. ಆ ಮಾತು ಅವನಿಗೆ ಹೊಸದಲ್ಲ.

ಮುದುಕಿಗೆ ನೀರಡಿಕೆಯಾಗಿತ್ತು. ಕುಡಿಯಲು ಸ್ವಲ್ಪ ನೀರು ಸಿಗುತ್ತದೆಯೇ ಎಂದು ಕೇಳಿದರು. ಅಪ್ಪ ತಟ್ಟನೆ ತಿರುಗಿ ನಮ್ಮ ಮಣ್ಣಿನ ಕೊಡದ ಕಡೆ ಹೆಜ್ಜೆ ಹಾಕಿದ. ವಿರೂಪಣ್ಣ ಧ್ವನಿ ತಗ್ಗಿಸಿ, ಆದರೂ ಎಲ್ಲರಿಗೂ ಕೇಳುವ ಹಾಗೆ, "ಲೇ ಹಂಪಯ್ಯ, ನೀ ಮುಟ್ಟಬ್ಯಾಡ. ಬಾಜೂ ಮನಿಯಿಂದ ನಾ ತರ್ತೀನಿ" ಎಂದ.

ಅಪ್ಪ ನಿಂತುಬಿಟ್ಟ. ಅವನ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಊರವರ ಅಂಗಳಗಳಲ್ಲಿ ಇಂಥ ಮಾತು ಎಷ್ಟು ಕೇಳಿದ್ದನೋ. ಇದು ಅವನ ಅಂಗಳ, ಅವನು ಕಟ್ಟಿದ ತೊಟ್ಟಿ, ಅವನ ಹೆಂಡತಿ ತುಂಬಿಟ್ಟ ಕೊಡ. ಅವನು ತೊಟ್ಟಿಯ ಹತ್ತಿರ ಹೋಗಿ ಬಕೀಟಿನ ನೀರಿನಿಂದ ಸಾವಕಾಶವಾಗಿ ಕೈ ತೊಳೆದ, ಕಾಲು ತೊಳೆದ, ಹೆಗಲ ಟವೆಲ್ಲಿನಿಂದ ಒರೆಸಿಕೊಂಡ. ಆಮೇಲೆ ಮುಂದಿನ ಮೆಟ್ಟಿಲು ಹತ್ತಿ ಕಟ್ಟೆಯ ಮೇಲೆ ಬಂದು ನಿಂತ.

"ಮಾಲಕರು ದೇವದುರ್ಗದಾಗ ಇಲ್ರಿ" ಎಂದ ಎಂಜಿನಿಯರರಿಗೆ. "ಮಾಲಕ ನಾನು. ಕಟ್ಟಿದಾವ್ನೂ ನಾನ. ಮಾಲಕಿ ದವಾಖಾನಿಗೆ ಡ್ಯೂಟಿಗೆ ಹೋಗ್ಯಾಳ. ನಮ್ಮನ್ಯಾಗ ನೀರದ, ನೀವು ಕುಡೀತೀರಂದ್ರ ತರ್ತೀನಿ. ಬಾಡಿಗಿ ಮಾತು ಆಕಿ ಬಂದ ಮ್ಯಾಲ."

ವಿರೂಪಣ್ಣ ನಗಲು ನೋಡಿದ. "ಇವಗ ಬಿಸಿಲು ಹತ್ಯದ ಸಾಹೇಬ್ರ, ಇವ ಇಲ್ಲಿ ಕಾಯಾಕ ಇರಾಂವ" ಎಂದ. ಅಪ್ಪ ಅವನ ಕಡೆ ಕೈ ಚಾಚಿ, "ಕೀಲಿ" ಎಂದ. ಒಂದೇ ಮಾತು. ವಿರೂಪಣ್ಣ ಕೊಟ್ಟ.

ಎಂಜಿನಿಯರು ಒಂದು ಕ್ಷಣ ಅಪ್ಪನನ್ನು ನೋಡಿದರು, ಆಮೇಲೆ ಗಡಿಯಾರ ನೋಡಿಕೊಂಡರು. ವಿಚಾರ ಮಾಡಿ ಹೇಳುತ್ತೇವೆ ಎಂದರು. ಮುದುಕಿ ನೀರು ಕುಡಿಯದೆಯೇ ಎದ್ದರು. ಜೀಪು ಹೋಯಿತು, ಮತ್ತೆ ಬರಲಿಲ್ಲ. ವಿರೂಪಣ್ಣನನ್ನು ಅದರಲ್ಲಿ ಹತ್ತಿಸಿಕೊಂಡರೋ ಇಲ್ಲವೋ ನಾನು ನೋಡಲಿಲ್ಲ. ನಾನು ಅಪ್ಪನನ್ನು ನೋಡುತ್ತಿದ್ದೆ. ಅವನು ಕಟ್ಟೆಯ ಮೇಲೆ ಕೂತಿದ್ದ. ಎರಡು ಕಡ್ಡಿ ಗೀರಿದ ಮೇಲೆ ಬೀಡಿ ಹೊತ್ತಿತು. ನನಗೆ ಬಹಳ ಹೆಮ್ಮೆ ಅನ್ನಿಸಿತು, ಕೊಡದಿಂದ ಒಂದು ತಂಬಿಗೆ ನೀರು ತಂದು ಅವನ ಪಕ್ಕದಲ್ಲಿಟ್ಟೆ.

ಸಂಜೆ ಅವ್ವ ಡ್ಯೂಟಿ ಮುಗಿಸಿ ಬಂದಾಗ ಅವನು ಅಲ್ಲೇ ಕೂತಿದ್ದ. ಅವಳು ಗೇಟಿನಲ್ಲೇ ನಿಂತಳು. ಅಪ್ಪ ಆ ಕಟ್ಟೆಯ ಮೇಲೆ ಕೂತದ್ದನ್ನು ಅವಳು ಆವರೆಗೆ ನೋಡಿರಲಿಲ್ಲ. ಅವನು ಮುಚ್ಚಿಡದೆ ಎಲ್ಲ ಹೇಳಿದ: ಕೀಲಿ ಕೊಟ್ಟುಬಂದದ್ದು, ಜೀಪು ಬಂದದ್ದು, ಚಲೋ ಬಾಡಿಗೆಯವರು ಕೈತಪ್ಪಿ ಹೋದದ್ದು. "ನಾನ ಕೆಡಿಸಿದೆ" ಎಂದ.

ಅವ್ವ ಕೀಲಿಯ ಮಾತು ಎತ್ತಲಿಲ್ಲ. ಬಂದು ಅವನ ಪಕ್ಕದಲ್ಲಿ ಕೂತಳು, ರಸ್ತೆಗೆ ಮುಖ ಮಾಡಿ.

"ಅವರಿಗೆ ಏನಂದಿ? ಇನ್ನೊಮ್ಮಿ ಹೇಳು."

"ಮಾಲಕ ನಾನು ಅಂದೆ."

"ನಂಗ ಸರಿ ಕೇಳಸಲಿಲ್ಲ" ಎಂದಳು ಅವ್ವ.

ಕೆಲಸ ಬಿಟ್ಟು ಮನೆಗೆ ಹೊರಟ ಮಂದಿ ರಸ್ತೆಯ ಮೇಲೆ ಸಾಗುತ್ತಿದ್ದರು, ಎದುರು ಮನೆಯವರು ಬಾಗಿಲಲ್ಲಿ ನಿಂತಿದ್ದರು. ಅಪ್ಪ ಅವರನ್ನೆಲ್ಲ ಒಮ್ಮೆ ನೋಡಿದ. ಆಮೇಲೆ ಓಣಿಗೆಲ್ಲ ಕೇಳುವ ಹಾಗೆ ಮತ್ತೊಮ್ಮೆ ಹೇಳಿದ.